ದೊಡ್ಡಕ್ಕನಿಗೆ ಸಿಗದ ಸೂಜಿ

ನಾನು ಮದುವೆಯಾಗಿ ಬಂಗಾರಪೇಟೆಗೆ ಬಂದ ಹೊಸತರಲ್ಲಿ ನಮ್ಮ ಬೀದಿಗೆ ಹಾಲು ತರುತ್ತಿದ್ದವರು ಇಬ್ಬರು ಹೆಂಗಸರು. ಒಬ್ಬರು ಎತ್ತರ, ದಪ್ಪ. ಅವರು ಮೂಲೆ ತಿರುಗುವ ಮೊದಲೇ ಅವರ ಏದುಸಿರು ಕೇಳಿಸುತ್ತಿತ್ತು. ಇನ್ನೊಬ್ಬರು ಕಡ್ಡಿಯಂಥವರು, ತಲೆಯ ಮೇಲಿನ ಕ್ಯಾನೇ ಅವರಿಗಿಂತ ಭಾರವಿರಬೇಕು ಅನ್ನಿಸುತ್ತಿತ್ತು. ಇಬ್ಬರದೂ ಒಂದೇ ಬಣ್ಣದ, ಒಂದೇ ಅಂಚಿನ ಸೀರೆ. ಅಕ್ಕತಂಗಿಯರಿರಬೇಕು ಅಂದುಕೊಂಡಿದ್ದೆ. ಸವತಿಯರು ಎಂದು ಪಕ್ಕದ ಮನೆಯವರು ಹೇಳಿದಾಗ ನಂಬಲು ಸ್ವಲ್ಪ ಹೊತ್ತೇ ಬೇಕಾಯಿತು. ಬೀದಿಯವರೆಲ್ಲ ಅವರನ್ನು ದೊಡ್ಡಕ್ಕ, ಚಿಕ್ಕಕ್ಕ ಅನ್ನುತ್ತಿದ್ದರು. ನಾನೂ ಹಾಗೇ ಕರೆದೆ.

ಅವರ ಊರು ಹೊಲದ ದಾರಿಯಲ್ಲಿ ನಡೆದು ಬರುವಷ್ಟು ಹತ್ತಿರ. ಮನೆಯಲ್ಲಿ ಹಸುಗಳಿದ್ದವು, ಒಂದು ಕುರಿಮಂದೆ ಇತ್ತು, ಮಂದೆ ಕಾಯಲು ನಾಯಿಗಳಿದ್ದವು. ದೊಡ್ಡಕ್ಕನಿಗೆ ಮಕ್ಕಳಾಗಲಿಲ್ಲವೆಂದು ಅವರ ಅತ್ತೆಯೇ ಮುಂದೆ ನಿಂತು, ಆಂಧ್ರದ ಗಡಿಯ ಹಳ್ಳಿಯೊಂದರಿಂದ ಮಗನಿಗೆ ಎರಡನೆಯ ಹೆಣ್ಣು ತಂದರಂತೆ. ತಂದ ದಿನವೇ ಆಕೆ ನೆಂಟರ ಮುಂದೆ ಒಂದು ಮಾತು ಹೇಳಿಬಿಟ್ಟರು: "ಈ ಮನೇಗೆ ಏನ್ ಬಂದ್ರೂ ಎಲ್ಡು ಬರ್ಬೇಕು. ಒಂದ್ ಬಂದ್ರೆ ಅದು ಒಸ್ಲು ದಾಟ್ಬಾರ್ದು." ಒಮ್ಮೆ ಮಗ ಪೇಟೆಯಿಂದ ಒಂದೇ ಮೂಗುಬೊಟ್ಟು ತಂದಿದ್ದಕ್ಕೆ, ಅದನ್ನು ಅಂಗಡಿಗೆ ವಾಪಸು ಕೊಟ್ಟು ಬರುವವರೆಗೆ ಆ ತಾಯಿ ಅವನಿಗೆ ಊಟ ಬಡಿಸಲಿಲ್ಲವಂತೆ. ಈ ಕಥೆಯನ್ನು ಇಬ್ಬರೂ ನಗುತ್ತಲೇ ಹೇಳುತ್ತಿದ್ದರು. ಆ ಅತ್ತೆ ತೀರಿಕೊಂಡರು, ಗಂಡನೂ ತೀರಿಕೊಂಡ. ಮಾತು ಮಾತ್ರ ಮನೆಯಲ್ಲಿ ಉಳಿಯಿತು. ಚಿಕ್ಕಕ್ಕ ಹೆತ್ತ ಮಗ ಇಬ್ಬರನ್ನೂ ಅಮ್ಮಾ ಎಂದೇ ಕರೆಯುತ್ತಿದ್ದ.

ನನ್ನ ಕೆಲಸದ ಬಗ್ಗೆ ಅವರಿಗೆ ಬಹಳ ಕುತೂಹಲ. ನಮ್ಮ ಜಗಲಿಯ ಮೇಲೆ ಕ್ಯಾನು ಇಳಿಸಿ, "ಮೂಳೆ ಫೋಟೋ ಇಡಿಯೋ ಅಮ್ಮಣ್ಣಿ, ಇವತ್ತು ಯಾರ್ ಮೂಳೆ ನೋಡ್ದೆ?" ಎಂದು ದೊಡ್ಡಕ್ಕ ಕೇಳುತ್ತಿದ್ದರು.

ನಾನು ಹುಟ್ಟಿದ್ದು ಉರಿಗಾಂನಲ್ಲಿ, ಗಣಿ ಕೆಲಸಗಾರರ ಸಾಲುಮನೆಯಲ್ಲಿ. ಎಡಗಡೆ ಮನೆಯಲ್ಲಿ ತಮಿಳು, ಬಲಗಡೆ ತೆಲುಗು, ನಮ್ಮಲ್ಲಿ ಕನ್ನಡ. ಜಗಳ ಮಾತ್ರ ಮೂರರಲ್ಲೂ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಕೋಲಾರ ಚಿನ್ನದ ಗಣಿ ಪ್ರದೇಶದ ಒಂದು ಸಣ್ಣ ನರ್ಸಿಂಗ್ ಹೋಮಿನ ಎಕ್ಸ್-ರೇ ಕೋಣೆಗೆ ಕಲಿಯಲು ಸೇರಿದೆ. ಕಲಿಸಿದವರು ವಯಸ್ಸಾದ ತಮಿಳರು. ಅವರ ಕೈಯಲ್ಲಿ ಮರದ ಇಕ್ಕಳದಂಥ ಒಂದು ಅಳತೆಗೋಲು ಇರುತ್ತಿತ್ತು. ಯಾರೇ ಬರಲಿ, ಎದೆಯ ಮುಂದೆ ಅದರ ಒಂದು ತೋಳು, ಬೆನ್ನ ಹಿಂದೆ ಒಂದು ತೋಳು ಇಟ್ಟು ದಪ್ಪ ಅಳೆದ ಮೇಲೆಯೇ ಯಂತ್ರದ ಗುಂಡಿಗೆ ಕೈಹಾಕುತ್ತಿದ್ದರು. ಗಣಿಯ ದೂಳು ಕುಡಿದು ಒಣಗಿದ ಎದೆಗಳೇ ಹೆಚ್ಚು ಬರುತ್ತಿದ್ದವು. ದಪ್ಪ ಎದೆಗೆ ಕೊಡುವಷ್ಟು ಕಿರಣವನ್ನು ಅವಕ್ಕೂ ಕೊಟ್ಟರೆ ಫಿಲ್ಮು ಇದ್ದಿಲಿನಂತೆ ಕಪ್ಪಾಗಿ, ಇದ್ದ ರೋಗವೂ ಕಾಣದೆ ಹೋಗುತ್ತಿತ್ತು. ಅಳೆಯುವುದು ನನಗೆ ಹಾಗೆ ಅಭ್ಯಾಸವಾಯಿತು.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಸಿ.ಟಿ. ಯಂತ್ರದ ಕೆಲಸ ಸಿಕ್ಕಿತು. ಬೆಳಗಿನ ರೈಲಿನಲ್ಲಿ ಹೋಗಿ ಸಂಜೆಯ ರೈಲಿನಲ್ಲಿ ಬರುತ್ತಿದ್ದೆ. ಎಕ್ಸ್-ರೇಗಿಂತ ಈ ಯಂತ್ರ ಬೇರೆ ಥರ. ಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗುವುದಿಲ್ಲ, ಇನ್ನೂ ಚೆನ್ನಾಗಿಯೇ ಬರುತ್ತದೆ. ಹಾಗಾಗಿ ಹೆಚ್ಚು ಕೊಟ್ಟದ್ದು, ಅದರಿಂದ ಮೈಗೆ ಕೆಡುಕಾದರೂ, ಯಾರ ಕಣ್ಣಿಗೂ ಬೀಳುವುದಿಲ್ಲ. ಯಂತ್ರದ ಜೊತೆಗೆ ಬಂದ ಕಿರಣದ ಅಳತೆಯೊಂದಿತ್ತು; ಹೊಟ್ಟೆ ಅಂದರೆ ಎಲ್ಲ ಹೊಟ್ಟೆಗೂ ಅದೇ. ರಕ್ತನಾಳಗಳು ಚಿತ್ರದಲ್ಲಿ ಬೆಳ್ಳಗೆ ಕಾಣಲಿ ಎಂದು ಚುಚ್ಚುವ ಕಾಂಟ್ರಾಸ್ಟ್ ಔಷಧವೂ ದೊಡ್ಡವರಿಗೆಲ್ಲ ಒಂದೇ ಪ್ರಮಾಣ. ಅದು ಒಳಗೆ ಹೋದರೆ ಮೈಯೆಲ್ಲ ಬಿಸಿಯಾಗುತ್ತದೆ. ಹೊರಗೆ ಬೆಂಚಿನ ಮೇಲೆ ಕಾಯುವವರು ಅದಕ್ಕೆ ಬಿಸಿಸೂಜಿ ಎಂದು ಹೆಸರಿಟ್ಟಿದ್ದರು.

ನಾನು ಸೇರಿ ಕೆಲ ಕಾಲವಾದ ಮೇಲೆ ಹೊಸ ಡಾಕ್ಟರೊಬ್ಬರು ಬಂದರು. ನನಗಿಂತ ಚಿಕ್ಕ ವಯಸ್ಸಿನ ಹೆಂಗಸು, ಮೆಲ್ಲಗೆ ಮಾತಾಡುವವರು. ಬಂದ ವಾರವೇ ಬಾಗಿಲ ಬಳಿ ತೂಕದ ಯಂತ್ರ ಇಡಿಸಿದರು. ಸಕ್ಕರೆ ಕಾಯಿಲೆಯವರಿಗೂ ವಯಸ್ಸಾದವರಿಗೂ ಮೊದಲು ರಕ್ತ ಪರೀಕ್ಷೆ ಮಾಡಿ ಕಿಡ್ನಿ ಹೇಗಿದೆ ಎಂದು ನೋಡದೆ ಬಿಸಿಸೂಜಿ ಹಾಕುವಂತಿಲ್ಲ ಅಂದರು. "ಇವರ ಸ್ಕ್ಯಾನಿನಿಂದ ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಮೊದಲು ಕೇಳೋಣ. ಅದಕ್ಕೆ ಬೇಕಾದಷ್ಟೇ ಕೊಡೋಣ," ಎನ್ನುತ್ತಿದ್ದರು. ಕೆಲಸ ನಿಧಾನವಾಯಿತು. ಕಾಯುವವರು ಗೊಣಗಿದರು. ನನಗೆ ಮಾತ್ರ ಉರಿಗಾಂನ ಮರದ ಅಳತೆಗೋಲು ಮತ್ತೆ ಕೈಗೆ ಬಂದಂತಾಗಿತ್ತು.

ಆ ವರ್ಷವೇ ಚಿಕ್ಕಕ್ಕನಿಗೆ ಬಲಪಕ್ಕೆಯ ಕೆಳಗೆ ನೋವು ಶುರುವಾದದ್ದು. ಮೊದಮೊದಲು ಕ್ಯಾನು ಹೊತ್ತದ್ದರ ನೋವು ಅಂದುಕೊಂಡರು. ಆಮೇಲೆ ಕಣ್ಣು ಹಳದಿಯಾಯಿತು, ಊಟ ಸೇರದಾಯಿತು. ಊರ ಹತ್ತಿರದ ಡಾಕ್ಟರು ಹೊಟ್ಟೆ ಸ್ಕ್ಯಾನ್ ಮಾಡಿಸಿ, ಪಿತ್ತಜನಕಾಂಗದಲ್ಲಿ ನೀರು ತುಂಬಿದ ಚೀಲವಿದೆ ಎಂದು ಹೇಳಿ ಬೆಂಗಳೂರಿನ ಸರ್ಜನ್ ಒಬ್ಬರ ಹತ್ತಿರ ಕಳಿಸಿದರು. ಆ ಸರ್ಜನ್ ಕೇಳಿದ ಮೊದಲ ಪ್ರಶ್ನೆಯೇ, "ಮನೆಯಲ್ಲಿ ಕುರಿ ಇದೆಯಾ, ನಾಯಿ ಇದೆಯಾ?" ಎಂದು. ಕುರಿಯ ಒಳಗಿರುವ ಚೀಲವನ್ನು ನಾಯಿ ತಿಂದರೆ ಅದರ ಹೊಟ್ಟೆಯಲ್ಲಿ ಹುಳುವಾಗುತ್ತದೆ. ನಾಯಿಯ ಮೈ ಸವರಿದ ಕೈಯಿಂದ ಹುಳುವಿನ ಮೊಟ್ಟೆ ಮನುಷ್ಯರ ಬಾಯಿಗೆ ಹೋಗಿ, ಒಳಗೆ ಮತ್ತೆ ಚೀಲವಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಇದನ್ನು ಕೇಳಿದಾಗ ದೊಡ್ಡಕ್ಕ ಬೆರಗಾಗಲಿಲ್ಲ.

"ಕುರಿ ಕುಯ್ದಾಗ ಕಲೀಜದಾಗೆ ನೀರ್‌ಗುಳ್ಳೆ ಇರ್ತಾವೆ. ನಾವು ಅದ್ನ ಕಿತ್ತು ನಾಯ್ಗೇ ಆಕ್ತಿದ್ವಿ," ಅಂದರು. ಪಿತ್ತಜನಕಾಂಗಕ್ಕೆ ಅವರು ಹೇಳುವ ಹೆಸರು ಕಲೀಜ.

ಮನೆಯ ಉಳಿದವರನ್ನೂ ನೋಡಬೇಕೆಂದು ಸರ್ಜನ್ ಹೇಳಿದ್ದರು. ಮಗನಿಗೆ ಏನೂ ಇರಲಿಲ್ಲ. ದೊಡ್ಡಕ್ಕನಿಗೂ ಒಂದು ಚೀಲವಿತ್ತು, ಚಿಕ್ಕಕ್ಕನದಕ್ಕಿಂತ ದೊಡ್ಡದೇ. ನೋವು ಮಾತ್ರ ಇರಲಿಲ್ಲ. ಇಬ್ಬರಿಗೂ ಸಿ.ಟಿ. ಸ್ಕ್ಯಾನ್ ಬರೆದುಕೊಟ್ಟರು. "ರೋಗಾನೂ ಎಲ್ಡೇ ಬಂತು ನೋಡು," ಎಂದು ದೊಡ್ಡಕ್ಕ ನಮ್ಮ ಜಗಲಿಯ ಮೇಲೆ ಕೂತು ಹೇಳಿದರು. ಚಿಕ್ಕಕ್ಕ ನಕ್ಕರು. ನಗುವಾಗ ಪಕ್ಕೆ ಹಿಡಿದುಕೊಂಡರು.

ನಮ್ಮ ಸೆಂಟರಿಗೇ, ನಾನಿರುವ ದಿನವೇ ಇಬ್ಬರೂ ಬರಲಿ ಅಂದೆ. ಮಗ ಹಸುಕುರಿ ನೋಡಿಕೊಳ್ಳಲು ಉಳಿಯಬೇಕಿತ್ತು. ಅವನು ಇಬ್ಬರನ್ನೂ ಸ್ಟೇಷನ್ನಿನವರೆಗೆ ತಂದು ಬಿಟ್ಟು, "ಅಕ್ಕಾ, ನಿಮ್ಮೇಲೆ ಬಿಟ್ಟಿದ್ದೀನಿ," ಎಂದು ಹೇಳಿ ಹೋದ. ಬೆಳಗಿನ ಪ್ಯಾಸೆಂಜರಿನಲ್ಲಿ ಎಂದಿನಂತೆ ಸೊಪ್ಪಿನ ಮೂಟೆ, ಹೂವಿನ ಬುಟ್ಟಿ, ಇಸ್ಪೀಟು. ನನ್ನ ಜೊತೆ ದಿನಾ ಬರುವ ಹೆಂಗಸರು ಸರಿದು ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟರು. ಕಿಟಕಿ ಒಂದೇ. ದೊಡ್ಡಕ್ಕ ಅಲ್ಲಿ ಕೂತು, ಮಾಲೂರು ಬಂದಾಗ ತಾವಾಗಿಯೇ ಎದ್ದು ಚಿಕ್ಕಕ್ಕನನ್ನು ಕೂರಿಸಿದರು. ಇಬ್ಬರೂ ಖಾಲಿ ಹೊಟ್ಟೆ. ಕಾಫಿ ಮಾರುವವನು ಬಂದಾಗ ಇಬ್ಬರೂ ಮುಖ ತಿರುಗಿಸಿದರು.

ಸೆಂಟರಿನಲ್ಲಿ ತೂಕ ಮಾಡಿದೆವು. ದೊಡ್ಡಕ್ಕನ ರಕ್ತ ತೆಗೆದು ಕೆಳಗಿನ ಲ್ಯಾಬಿಗೆ ಕಳಿಸಿದೆ, ಚಿಕ್ಕಕ್ಕನದನ್ನೂ ಕಳಿಸಿದೆ. ದೊಡ್ಡಕ್ಕನಿಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ, ಕಾಲು ಊದಿರುತ್ತಿತ್ತು. ವರದಿ ಬಂದ ಮೇಲೆ ಡಾಕ್ಟರು ನನ್ನನ್ನು ಒಳಗೆ ಕರೆದರು.

"ದೊಡ್ಡವರ ಕಿಡ್ನಿ ಈಗಾಗಲೇ ಸೋತಿದೆ. ಕಾಂಟ್ರಾಸ್ಟ್ ಹೊರಗೆ ಹೋಗಬೇಕಾದ್ದು ಅಲ್ಲಿಂದಲೇ. ಇವರಿಗೆ ಸಾದಾ ಸ್ಕ್ಯಾನ್ ಮಾಡೋಣ. ಉತ್ತರ ಅದರಲ್ಲೇ ಸಿಗಬಹುದು. ಚಿಕ್ಕವರಿಗೆ ಮಾತ್ರ ಸೂಜಿ ಬೇಕೇ ಬೇಕು. ಚೀಲ ಪಿತ್ತದ ನಾಳಕ್ಕೆ ಒತ್ತಿದ ಹಾಗಿದೆ, ಪಕ್ಕದಲ್ಲಿ ದೊಡ್ಡ ರಕ್ತನಾಳ ಇದೆ. ಅವರ ತೂಕಕ್ಕೆ ಲೆಕ್ಕ ಹಾಕಿ ತುಂಬಿ, ಪೂರ್ತಿ ಬೇಡ. ಕಿರಣಾನೂ ಇಳಿಸಿ. ತೀರಾ ಇಳಿಸಬೇಡಿ, ಚಿತ್ರ ಹಾಳಾಗಿ ಇನ್ನೊಂದು ಸಲ ಮಾಡೋ ಹಾಗಾದರೆ ಅದು ಇನ್ನೂ ಕೆಟ್ಟದ್ದು."

ನಾನು ಹೊರಗೆ ಬಂದು ಚಿಕ್ಕಕ್ಕನ ಕೈಗೆ ಸೂಜಿ ಕೂರಿಸಿ ಟೇಪು ಹಚ್ಚಿದೆ. ದೊಡ್ಡಕ್ಕ ತಮ್ಮ ಕೈಯ ಬಳೆ ಮೇಲಕ್ಕೆ ಸರಿಸಿ ತೋಳು ಚಾಚಿದರು.

"ನಿಮಗೆ ಬೇಡ ದೊಡ್ಡಕ್ಕ. ಸೂಜಿ ಇಲ್ಲದೇನೇ ಆಗುತ್ತೆ," ಅಂದೆ.

ಚಾಚಿದ ತೋಳನ್ನು ಅವರು ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು. ಇವರಿಬ್ಬರೂ ಕೂತಿದ್ದ ಬೆಂಚಿನ ತುದಿಯಲ್ಲಿ ಯಾರೋ ಒಬ್ಬರು ಬೆಳಗಿನಿಂದ ಎಲ್ಲರಿಗೂ ಒಂದು ವಿಷಯ ತಿಳಿಸಿ ಹೇಳುತ್ತಿದ್ದರು: ಬಿಸಿಸೂಜಿ ಹಾಕಿದರೆ ಫುಲ್ ಸ್ಕ್ಯಾನು, ಹಾಕದಿದ್ದರೆ ಅರ್ಧ ಸ್ಕ್ಯಾನು; ವಾಸಿಯಾಗುವವರಿಗೆ ಮಾತ್ರ ಫುಲ್ಲು ಮಾಡುತ್ತಾರೆ ಎಂದು. ದೊಡ್ಡಕ್ಕ ಅದನ್ನು ಕೇಳಿಸಿಕೊಂಡಿದ್ದರು ಎಂಬುದು ನನಗೆ ಆಮೇಲೆ ಗೊತ್ತಾಯಿತು.

"ಯಾಕ್ ಬ್ಯಾಡ?" ಅಂದರು. "ವಯಸ್ಸಾದೋಳು, ಇವಳ್ಗ್ಯಾಕೆ ದಂಡ ಅಂತಾನಾ?"

"ಹಾಗಲ್ಲ. ನಿಮ್ಮ ಮೈಗೆ ಆ ಔಷಧಿ ಆಗೋದಿಲ್ಲ."

"ಇವಳ ಮೈಗೆ ಆಯ್ತದೆ, ನನ್ ಮೈಗೆ ಆಗಲ್ಲ. ಒಂದೇ ಒಲೇಲಿ ಬೇಯ್ಸಿದ್ ಉಂಡಿದ್ದೀವಿ ಇಬ್ರೂನೂ."

ಅವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದು ನಾನು ಕುರಿಯ ವಿಷಯ ಎತ್ತಿದೆ. "ಜಂತಿನ ಔಷಧಿ ಹುಯ್ಯುವಾಗ ಟಗರಿಗೆ ಕೊಟ್ಟಷ್ಟೇ ಮರಿಗೂ ಕೊಡ್ತೀರಾ? ಗಬ್ಬದ ಕುರಿಗೆ ಕೆಲವು ಔಷಧಿ ಕೊಡೋದೇ ಇಲ್ಲ ಅಲ್ವಾ?" ಅಂದೆ. ಒಳ್ಳೆಯ ಉದಾಹರಣೆ ಕೊಟ್ಟೆನೆಂದು ನನಗೆ ಒಳಗೊಳಗೇ ಸಮಾಧಾನವಾಗಿತ್ತು.

"ಕೊಡಲ್ಲ," ಅಂದರು ದೊಡ್ಡಕ್ಕ. "ಆದ್ರೆ ಒಂದ್ ಕುರಿ ಇನ್ನೊಂದ್ ಕುರಿ ಬಾಯ್ ನೋಡ್ಕೊಂಡು ನಿಂತ್ಕಳಲ್ಲ ಅಮ್ಮಣ್ಣಿ. ಮನುಷ್ರು ನೋಡ್ತಾರೆ."

ಅಷ್ಟರಲ್ಲಿ ಚಿಕ್ಕಕ್ಕ ಟೇಪಿನ ಅಂಚನ್ನು ಉಗುರಿನಿಂದ ಕೀಳತೊಡಗಿದ್ದರು. "ಅಕ್ಕಂಗಿಲ್ದೇ ಇದ್ದಿದ್ದು ನಂಗೂ ಬ್ಯಾಡ. ತೆಗ್ದಾಕು." ನಾನು ಅವರ ಕೈ ಹಿಡಿದುಕೊಂಡೆ. ಇಬ್ಬರೂ ತೆಲುಗಿಗೆ ತಿರುಗಿದರು. ಕೋಪ ಬಂದರೆ ಹಾಗೆ ಮಾಡುವುದು ಅವರ ರೂಢಿ. ಉರಿಗಾಂನಲ್ಲಿ ಬೆಳೆದ ನನಗೆ ಒಂದು ಮಾತೂ ತಪ್ಪದೆ ಅರ್ಥವಾಗುತ್ತಿತ್ತು. ಊರಿಗೆ ಹೋಗಿಬಿಡೋಣ ಎಂದು ಒಬ್ಬರು. ನೀನು ಹೋದರೆ ಸಾಯುತ್ತೀಯ ಎಂದು ಇನ್ನೊಬ್ಬರು. ಸತ್ತರೆ ಸಾಯುತ್ತೇನೆ, ನಿನ್ನನ್ನು ಇಲ್ಲಿ ಅರ್ಧ ಮಾಡಿಸಿಕೊಂಡು ಕರೆದುಕೊಂಡು ಹೋಗುವುದಿಲ್ಲ ಎಂದು ಮೊದಲನೆಯವರು. ಹಾಗೆ ಅಂದವರು ಚಿಕ್ಕಕ್ಕ.

ಗಲಾಟೆ ಕೇಳಿ ಡಾಕ್ಟರು ಹೊರಗೆ ಬಂದರು. ನಾನು ಸಂಗತಿ ಹೇಳಿದೆ. ಅವರು ದೊಡ್ಡಕ್ಕನ ಪಕ್ಕದಲ್ಲಿ ಬೆಂಚಿನ ಮೇಲೇ ಕೂತರು.

"ನಿಜ ಏಳ್ಬುಡಿ ತಾಯಿ," ಅಂದರು ದೊಡ್ಡಕ್ಕ. "ನಂದು ಆಗಾಕಿಲ್ಲ ಅಂತ ಬಿಟ್‌ಬುಟ್ರಾ?"

"ಬಿಟ್ಟಿಲ್ಲಮ್ಮ. ನಿಮ್ಮ ಚಿತ್ರ ತೆಗಿಯೋಕೆ ಇವರದಕ್ಕಿಂತ ಹೆಚ್ಚು ಕಿರಣ ಬೇಕು, ಅದನ್ನ ಕೊಡ್ತೀವಿ. ಅದರಲ್ಲಿ ಏನೂ ಕಡಿಮೆ ಮಾಡಲ್ಲ. ಸೂಜಿ ಯಾಕೆ ಬೇಡ ಅಂತ ತೋರಿಸ್ತೀನಿ, ಕಾಲು ಸ್ವಲ್ಪ ಮುಂದೆ ಇಡಿ."

ಸೀರೆಯ ಅಂಚು ಸರಿಸಿ, ಕಣಕಾಲಿನ ಮೇಲೆ ಹೆಬ್ಬೆರಳು ಊರಿ ತೆಗೆದರು. ಗುಳಿ ಬಿತ್ತು. ಅದು ಮೇಲೇಳಲೇ ಇಲ್ಲ.

"ಈ ನೀರು ಹೊರಗೆ ಹೋಗಬೇಕಿತ್ತು. ಹೋಗ್ತಾ ಇಲ್ಲ. ಆ ಔಷಧಿ ಒಳಗೆ ಹೋಗಿ ಹಿಂಗೇ ಕೂತುಬಿಟ್ಟರೆ ಅದನ್ನ ಹೊರಗೆ ಕಳಿಸೋದು ನನ್ನ ಕೈಲಿ ಇಲ್ಲ."

ದೊಡ್ಡಕ್ಕ ಆ ಗುಳಿಯನ್ನೇ ನೋಡುತ್ತಿದ್ದರು. ಆಮೇಲೆ ತಮ್ಮ ಹೆಬ್ಬೆರಳಿನಿಂದ ಪಕ್ಕದಲ್ಲಿ ಇನ್ನೊಂದು ಗುಳಿ ಮಾಡಿ ನೋಡಿದರು. ಚಿಕ್ಕಕ್ಕನ ಕಾಲು ಎಳೆದು ಅಲ್ಲೂ ಒತ್ತಿದರು. ಅಲ್ಲಿ ಮೂಳೆಯೇ ಸಿಕ್ಕಿತು.

"ಇವಳ್ಗೇನೂ ಆಗಲ್ವಾ ಆ ಸೂಜಿಯಿಂದ?"

"ಮೈ ಬಿಸಿಯಾಗುತ್ತೆ. ವಾಂತಿ ಬಂದ ಹಾಗಾಗಬಹುದು. ಅಪರೂಪಕ್ಕೆ ಕೆಲವರಿಗೆ ದದ್ದು ಬರುತ್ತೆ, ಉಸಿರು ಕಟ್ಟುತ್ತೆ, ಅದಕ್ಕೆ ಬೇಕಾದ್ದು ನಮ್ಮ ಹತ್ತಿರ ಇದೆ. ಆದರೆ ಇವರಿಗೆ ಆ ಸೂಜಿ ಬೇಕು. ಆಪರೇಷನ್ ಮಾಡೋರಿಗೆ ರಕ್ತದ ದಾರಿ ಎಲ್ಲಿದೆ ಅಂತ ಗೊತ್ತಾಗಬೇಕು."

ದೊಡ್ಡಕ್ಕ ಚಿಕ್ಕಕ್ಕನ ಕಡೆ ತಿರುಗಿದರು. "ಟೇಪ್ ಕೀಳ್ಬ್ಯಾಡ ಕಣ್ಲೇ. ಆಕಿಸ್ಕೋ."

"ನೀನು ಬೇಜಾರ್ ಮಾಡ್ಕೊಂಡಿದ್ದೀಯ."

"ಮಾಡ್ಕೊಂಡಿದ್ದೀನಿ. ಅದ್ಕೂ ಇದ್ಕೂ ಏನು?"

ಮೊದಲು ದೊಡ್ಡಕ್ಕನನ್ನೇ ಮಲಗಿಸಿದೆ. ಹಲಗೆ ಅವರ ಭಾರಕ್ಕೆ ಸಣ್ಣಗೆ ಕಿರುಗುಟ್ಟಿತು. ಅವರ ಹೊಟ್ಟೆಯ ದಪ್ಪಕ್ಕೆ ಕಿರಣ ಏರಿಸಬೇಕಾಯಿತು; ಏರಿಸದಿದ್ದರೆ ಚಿತ್ರದ ತುಂಬ ರಾಗಿಹಿಟ್ಟು ಎರಚಿದ ಹಾಗೆ ಚುಕ್ಕೆ ಬರುತ್ತಿತ್ತು. ಆ ಕಾಲದ ಯಂತ್ರ ಒಂದೊಂದೇ ಪದರ ತೆಗೆಯುತ್ತಿತ್ತು, ಪ್ರತಿ ಪದರಕ್ಕೂ ಉಸಿರು ಹಿಡಿಯಬೇಕಿತ್ತು. ಅವರಿಗೆ ಬಹಳ ಹೊತ್ತು ಹಿಡಿಯಲಾಗುತ್ತಿರಲಿಲ್ಲ. ನಡುನಡುವೆ ಬಿಡುವು ಕೊಟ್ಟು, ಅವರ ಉಸಿರಿನ ಲಯಕ್ಕೆ ಕಾದು ತೆಗೆದೆ. ಪಕ್ಕದಲ್ಲಿ ನಿಂತಿದ್ದ ಡಾಕ್ಟರು ತೆರೆಯತ್ತ ಬೆರಳು ತೋರಿಸಿದರು. ಚೀಲದ ಸುತ್ತ ಮೊಟ್ಟೆಯ ಚಿಪ್ಪಿನಂತೆ ಬೆಳ್ಳನೆಯ ಗೆರೆಯಿತ್ತು, ಸುಣ್ಣಗಟ್ಟಿದ ಗೋಡೆ. "ಇದು ಹಳೇದು. ಬಹುಶಃ ಒಳಗಿನ ಹುಳು ಸತ್ತೇ ಹೋಗಿದೆ. ಸಾದಾ ಚಿತ್ರಾನೇ ಸಾಕು," ಎಂದರು. ಅವರ ದನಿಯಲ್ಲೂ ಒಂದು ನಿರಾಳ ಇತ್ತು.

ಆಮೇಲೆ ಚಿಕ್ಕಕ್ಕ. ಅವರು ಹಲಗೆಯ ಮೇಲೆ ಮಲಗಿದ್ದಾರೋ ಇಲ್ಲವೋ ಅನ್ನುವ ಹಾಗಿತ್ತು. ಕಿರಣ ಇಳಿಸಿ ಮೊದಲ ಪದರ ತೆಗೆದೆ, ಡಾಕ್ಟರು ನೋಡಿ ತಲೆಯಾಡಿಸಿದರು. ಆದರೆ ಮುಂದಿನದು ಕದಲಿ ಹೋಯಿತು, ಅದರ ಮುಂದಿನದೂ ಕದಲಿತು. ಒಳಗೆ ಅವರೊಬ್ಬರೇ, ನಾನು ಗಾಜಿನ ಹಿಂದೆ. ಮೈಕಿನಲ್ಲಿ ನಾನು "ಉಸಿರು ಎಳೆದುಕೊಳ್ಳಿ, ಹಿಡಿದುಕೊಳ್ಳಿ," ಅಂದಾಗಲೆಲ್ಲ ಅವರು ತಲೆಯೆತ್ತಿ ದನಿ ಎಲ್ಲಿಂದ ಬಂತೆಂದು ಹುಡುಕುತ್ತಿದ್ದರು. ಹೀಗೇ ಆದರೆ ಮತ್ತೆ ಮತ್ತೆ ತೆಗೆಯಬೇಕಾಗಿ, ಇಳಿಸಿದ ಕಿರಣವೆಲ್ಲ ಏರಿಹೋಗುತ್ತಿತ್ತು. ಡಾಕ್ಟರನ್ನು ಕೇಳಿ, ದೊಡ್ಡಕ್ಕನನ್ನು ನನ್ನ ಪಕ್ಕ ಕುರ್ಚಿಯಲ್ಲಿ ಕೂರಿಸಿಕೊಂಡೆ. ಮೈಕು ಅವರ ಬಾಯಿಗೆ ಹಿಡಿದೆ.

"ಲೇ, ನಾನು ಕಣ್ಲೇ," ಅಂದರು ಅವರು. "ಅತ್ತಿತ್ತ ನೋಡ್ಬ್ಯಾಡ. ಉಸ್ರು ಎಳ್ಕೋ. ಬಾವೀಲಿ ಮುಳುಗ್ದಂಗೆ ಬಿಗೀ ಇಡ್ಕೋ. ಆ, ಅಂಗೇ."

ಚಿಕ್ಕಕ್ಕ ಕಣ್ಣು ಮುಚ್ಚಿಕೊಂಡರು. ಆಮೇಲೆ ಒಂದು ಪದರವೂ ಕೆಡಲಿಲ್ಲ. ಔಷಧಿ ಮೈಗೆ ಹೋಗುವಾಗ ಡಾಕ್ಟರು ಒಳಗೆ ಅವರ ಪಕ್ಕದಲ್ಲೇ ನಿಂತಿದ್ದರು. ಚಿಕ್ಕಕ್ಕನ ಮುಖ ಕೆಂಪಾಯಿತು. "ಅಕ್ಕಾ, ಮೈಯೆಲ್ಲಾ ಉರಿ. ಉಚ್ಚೆ ಓದಂಗಾಯ್ತು," ಎಂದು ಕೂಗಿದರು. ದೊಡ್ಡಕ್ಕ ಮೈಕಿನಲ್ಲಿ, "ಓಗಿಲ್ಲ ಮಲ್ಕೋ, ಇಲ್ಲಿಂದ ಕಾಣ್ತದೆ," ಎಂದರು. ಅವರಿಗೆ ಅಲ್ಲಿಂದ ಕಾಣುತ್ತಿದ್ದುದು ತೆರೆಯ ಮೇಲಿನ ಬೂದುಬಣ್ಣ ಮಾತ್ರ. ಆ ಬೂದುಬಣ್ಣದ ನಡುವೆ ರಕ್ತನಾಳಗಳು ಒಂದೊಂದಾಗಿ ಬೆಳಗಿದವು, ಚೀಲದ ಪಕ್ಕಕ್ಕೆ ಬಾಗಿ ಹೋಗಿದ್ದ ದೊಡ್ಡ ನಾಳವೂ ಕಂಡಿತು. ಪೂರ್ತಿಗಿಂತ ಎಷ್ಟೋ ಕಡಿಮೆ ಔಷಧಿಯಲ್ಲಿ ಅಷ್ಟೂ ಕಂಡಿತ್ತು.

ಹೊರಗೆ ಬಂದ ಚಿಕ್ಕಕ್ಕ ಸ್ವಲ್ಪ ವಾಂತಿ ಮಾಡಿಕೊಂಡರು. ದೊಡ್ಡಕ್ಕ ಬೆನ್ನು ಸವರುತ್ತ, "ಇದ್ನಾ ನಾನು ಬೇಕು ಅಂತ ಜಗಳ ಆಡಿದ್ದು," ಎಂದರು.

ಸಂಜೆಯ ರೈಲಿನಲ್ಲಿ ಚಿಕ್ಕಕ್ಕ ದೊಡ್ಡಕ್ಕನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ವೈಟ್‌ಫೀಲ್ಡ್ ದಾಟಿದ ಮೇಲೆ ದೊಡ್ಡಕ್ಕ ಮೆಲ್ಲಗೆ ನನ್ನನ್ನು ಕೇಳಿದರು: "ಇವಳ್ಗೆ ಆಪ್ರೇಸನ್ನು, ನಂಗೇನೂ ಇಲ್ಲ. ಅಂಗೇ ಅಲ್ವಾ ಆಗೋದು?"

"ಸರ್ಜನ್ ಹೇಳಬೇಕು. ಬಹುಶಃ ಹಾಗೇ."

"ಉಂಬೋದ್ನ, ಉಡೋದ್ನ ಸಮ ಮಾಡ್ಬೋದು. ಇದ್ನ ಎಂಗೆ ಮಾಡೋದು ಅಂತ ಅತ್ತೆ ಏಳಿರ್ಲಿಲ್ಲ," ಅಂದರು.

ಹಾಗೇ ಆಯಿತು. ಚಿಕ್ಕಕ್ಕನಿಗೆ ಆಪರೇಷನ್ ಆಯಿತು. ಚೀಲ ಒಡೆಯದ ಹಾಗೆ ತೆಗೆದರು. ದೊಡ್ಡಕ್ಕನ ಚೀಲವನ್ನು ಮುಟ್ಟಬೇಕಾಗಿಲ್ಲ, ಆಗಾಗ ನೋಡುತ್ತಿದ್ದರೆ ಸಾಕು, ಆದರೆ ಕಿಡ್ನಿಗೆ ಚಿಕಿತ್ಸೆ ಬೇಕು ಎಂದರು. ಚಿಕ್ಕಕ್ಕ ಆಸ್ಪತ್ರೆಯಲ್ಲಿದ್ದಷ್ಟು ದಿನ ದೊಡ್ಡಕ್ಕ ಊದಿದ ಕಾಲು ಇಳಿಬಿಟ್ಟುಕೊಂಡು ಮಂಚದ ಪಕ್ಕ ಕೂತೇ ಇದ್ದರು. ಎಷ್ಟು ಹೇಳಿದರೂ ಊರಿಗೆ ಹೋಗಲಿಲ್ಲ. ಊರಿಗೆ ಹೋದ ಮೇಲೆ ನಾಯಿಗಳನ್ನೆಲ್ಲ ಪಶುವೈದ್ಯರ ಹತ್ತಿರ ಎಳೆಸಿ ಔಷಧಿ ಹಾಕಿಸಿದರು. ಅವರ ಊರಲ್ಲಿ ಎಲ್ಲಿ ಕುರಿ ಕುಯ್ದರೂ ಅಲ್ಲಿಗೆ ಹೋಗಿ ನಿಂತು, ಗುಳ್ಳೆಯಿರುವ ಕಲೀಜವನ್ನು ಗುಂಡಿ ತೋಡಿ ಹೂಳಿಸುತ್ತಿದ್ದರಂತೆ. ಕೆಲವರು ಬೈದುಕೊಂಡರೂ ಹೂಳುತ್ತಿದ್ದರು.

ಕೆಲವು ವರ್ಷಗಳ ನಂತರ, ಮಗನಿಗೆ ಮಗುವಾದಾಗ ನೋಡಲು ಅವರ ಊರಿಗೆ ಹೋಗಿದ್ದೆ. ಚಿಕ್ಕಕ್ಕ ಬಾಣಂತಿಗೆ ನೀರು ಕಾಯಿಸುತ್ತಿದ್ದರು. ದೊಡ್ಡಕ್ಕ ಬಿಸಿಲಿಗೆ ಚಾಪೆ ಹಾಕಿಕೊಂಡು ಕೂತಿದ್ದರು, ಸಾಕಷ್ಟು ಇಳಿದುಹೋಗಿದ್ದರು. ಮಗುವನ್ನು ನನ್ನ ತೊಡೆಗೆ ಕೊಟ್ಟು, ಇದ್ದಕ್ಕಿದ್ದಂತೆ ಕೇಳಿದರು: "ಅಮ್ಮಣ್ಣಿ, ಅವತ್ತು ನಂಗೂ ಆ ಸೂಜಿ ಆಕಿದ್ರೆ ಏನಾಗ್ತಿತ್ತು?"

ಜೀವ ಉಳಿಯಿತೆಂದೋ ಏನೋ ದೊಡ್ಡದಾಗಿ ಹೇಳಬಹುದಿತ್ತು. ಆದರೆ ಅವರೆದುರು ಹಾಗೆ ಹೇಳಲು ಮನಸ್ಸಾಗಲಿಲ್ಲ. "ಏನೂ ಆಗದೇನೂ ಇರಬಹುದಿತ್ತು. ಕಿಡ್ನಿ ಪೂರ್ತಿ ಕೆಟ್ಟೂ ಹೋಗಬಹುದಿತ್ತು. ಯಾವುದು ಅಂತ ನನಗೆ ಗೊತ್ತಿಲ್ಲ ದೊಡ್ಡಕ್ಕ."

"ಡಾಕ್ಟ್ರಮ್ಮಂಗೆ?"

"ಅವರಿಗೂ ಗೊತ್ತಿರಲಿಲ್ಲ."

"ಗೊತ್ತಿಲ್ದೇನೇ ಬ್ಯಾಡ ಅಂದ್ರಾ?"

"ಗೊತ್ತಿಲ್ಲದ್ದಕ್ಕೇ ಬೇಡ ಅಂದ್ರು. ಅದು ಇಲ್ಲದೇನೇ ನಿಮ್ಮ ಚೀಲ ಕಾಣೋ ಹಾಗಿತ್ತಲ್ಲ."

ಅವರು ಮಗುವಿನ ಮುಖಕ್ಕೆ ಬೀಳುತ್ತಿದ್ದ ಬಿಸಿಲಿಗೆ ಸೆರಗು ಅಡ್ಡ ಹಿಡಿದರು. "ಅವತ್ತು ಬೆಂಚಿನ ಮೇಲೆ ಇದ್ನೇ ಏಳಿದ್ದಿದ್ರೆ ನಾನು ಒಪ್ಕಂತಿದ್ದೆ. ನೀನು ಕುರಿ ಕತೆ ಏಳ್ದೆ," ಅಂದರು.

ಅದನ್ನು ನಾನು ಮರೆಯಲಿಲ್ಲ. ಕೆಲಸದಲ್ಲಿ ಇದ್ದಷ್ಟು ಕಾಲ, ಯಾರಿಗಾದರೂ ಕಡಿಮೆ ಕೊಡಬೇಕಾದಾಗ, ಯಾರಿಗಾದರೂ ಕೊಡಲೇಬಾರದಾದಾಗ, ಪಕ್ಕ ಕೂತು ನಮಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅನ್ನುವುದನ್ನು ಹಾಗೆಯೇ ಹೇಳಲು ನೋಡುತ್ತಿದ್ದೆ. ಕೆಲವರು ಒಪ್ಪುತ್ತಿದ್ದರು. ಕೆಲವರು, ಪಕ್ಕದವರಿಗೆ ಕೊಟ್ಟದ್ದನ್ನು ನಮಗೂ ಕೊಡಿ ಎಂದು ಡಾಕ್ಟರ ಬಾಗಿಲಿಗೆ ಹೋಗುತ್ತಿದ್ದರು. ಹಾಗೆ ಹೋದವರ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ. ಎದ್ದು ಅವರ ಜೊತೆ ನಾನೂ ಬಾಗಿಲವರೆಗೆ ಹೋಗುತ್ತಿದ್ದೆ.